ಏಳು ವರ್ಷ ಗೋರಿಕಲ್ಲುಗಳ ನಡುವೆ: ‘ಫೈಂಡ್ ಎ ಗ್ರೇವ್’ ಬಳಸಿದವನ ಅನುಭವ

ಮಗನ ಮದುವೆಯಿಂದ ನಮಗೆ ಬೀಗರಾದವರು ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಳೆಯ ಮನೆತನದವರು. ಅವರ ಪೂರ್ವಿಕರು 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದರೆಂದು ಮನೆಯಲ್ಲಿ ಮಾತು. ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಎಂದಾಗ ನನ್ನ ಕಡೆಯ ಕೊಂಬೆ ಮುತ್ತಜ್ಜನಿಗೇ ನಿಂತಿತು. ಶ್ರಾದ್ಧದ ದಿನ ಮೂರು ತಲೆಮಾರಿನ ಹೆಸರು ಹೇಳುತ್ತೇವೆ, ಅಲ್ಲಿಂದಾಚೆಗೆ ಗೋತ್ರವೊಂದೇ. ಬೂದಿಯನ್ನು ಹೊಳೆಗೆ ಬಿಡುವವರಿಗೆ ಗೋರಿಕಲ್ಲು ಎಲ್ಲಿಂದ ಬರಬೇಕು? ಬೀಗರ ಕಡೆಯ ಕೊಂಬೆ ಮಾತ್ರ ಹಾಳೆ ಸಾಲದಷ್ಟು ಬೆಳೆಯಿತು. ನಿವೃತ್ತನಾಗಿ ಸುಮ್ಮನೆ ಕುಳಿತಿದ್ದ ನಾನು ಅವರ ಪೂರ್ವಿಕರನ್ನು ಹುಡುಕಿಕೊಂಡು ಸ್ಮಶಾನ ಅಲೆಯಲು ಶುರು ಮಾಡಿದ್ದು ಹೀಗೆ. ನನ್ನ ಹೆಂಡತಿ ಇದಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಈ ಏಳು ವರ್ಷವೂ ಕೈಯಲ್ಲಿದ್ದದ್ದು ಫೈಂಡ್ ಎ ಗ್ರೇವ್ ಎಂಬ ತಾಣ ಮತ್ತು ಅದರ ಮೊಬೈಲ್ ಆ್ಯಪ್. ಪ್ರಸಿದ್ಧರ ಸಮಾಧಿಗಳನ್ನು ನೋಡುವ ಹುಚ್ಚಿದ್ದ ಜಿಮ್ ಟಿಪ್ಟನ್ ಎಂಬಾತ 1995ರಲ್ಲಿ ಆರಂಭಿಸಿದ ತಾಣ ಇದು. 2013ರಲ್ಲಿ ವಂಶಾವಳಿ ಹುಡುಕಿಕೊಡುವ ಆನ್ಸೆಸ್ಟ್ರಿ ಕಂಪನಿ ಕೊಂಡುಕೊಂಡಿತು. ಈಗಲೂ ಉಚಿತ. ಸತ್ತ ಒಬ್ಬೊಬ್ಬರಿಗೂ ಒಂದೊಂದು ಪುಟ. ಪುಟದಲ್ಲಿ ಹೆಸರು, ದಿನಾಂಕ, ಸ್ಮಶಾನ, ಕಲ್ಲಿನ ಫೋಟೊ, ತಂದೆ ತಾಯಿ ಮಕ್ಕಳ ಪುಟಗಳಿಗೆ ಕೊಂಡಿ. ಇದನ್ನೆಲ್ಲ ತುಂಬುವವರು ನಮ್ಮಂಥ ಸ್ವಯಂಸೇವಕರು. ತಾಣದ ಬಲವೂ ಅದೇ, ದೌರ್ಬಲ್ಯವೂ ಅದೇ.

ಮೊದಲು ಬಲದ ಮಾತು. ಫೋಟೊ ಕೋರಿಕೆ ಎಂಬ ವ್ಯವಸ್ಥೆ ಇದೆ. ನಮಗೆ ಹೋಗಲಾಗದ ಊರಿನ ಕಲ್ಲೊಂದರ ಚಿತ್ರ ಬೇಕೆಂದು ಒಂದು ಗುಂಡಿ ಒತ್ತಿದರೆ ಆ ಸೀಮೆಯ ಸ್ವಯಂಸೇವಕರಿಗೆ ಅದು ಕಾಣುತ್ತದೆ. ಬೀಗರ ಮನೆತನದ ಒಂದು ಕವಲು ಕನೆಕ್ಟಿಕಟ್‌ಗೆ ಹೋಗಿ ನೆಲೆಸಿತ್ತು. ಅಲ್ಲಿಯ ಒಂದು ಕಲ್ಲಿಗೆ ಕೋರಿಕೆ ಹಾಕಿದ ನಾಲ್ಕನೆಯ ದಿನವೇ, ಹಿಮ ಸರಿಸಿ ತೆಗೆದ ಮೂರು ಚಿತ್ರಗಳು ಬಂದವು. ಕಳಿಸಿದವರು ಯಾರೆಂದು ನನಗೆ ಗೊತ್ತಿಲ್ಲ, ನಾನು ಯಾರೆಂದು ಅವರಿಗೂ ಗೊತ್ತಿಲ್ಲ. ಅಂದಿನಿಂದ ನಮ್ಮ ಸುತ್ತಮುತ್ತಲಿನ ಕೋರಿಕೆಗಳನ್ನು ನಾನೂ ಪೂರೈಸುತ್ತಿದ್ದೇನೆ. ಆ ಋಣ ತೀರಿಸಲು ಬೇರೆ ದಾರಿ ಇರಲಿಲ್ಲ.

ಹುಡುಕುವುದಕ್ಕೆ ಒಂದು ಉಪಾಯ: ಮನೆತನದ ಹೆಸರನ್ನು ನೆಚ್ಚಿಕೊಳ್ಳಬೇಡಿ. ಹದಿನೇಳು ಹದಿನೆಂಟನೆಯ ಶತಮಾನದಲ್ಲಿ ಕಾಗುಣಿತವೆಂಬುದು ಬರೆಯುವವನ ಇಷ್ಟ. ಅಪ್ಪನ ಕಲ್ಲಿನಲ್ಲೊಂದು ಬಗೆ, ಮಗನ ಕಲ್ಲಿನಲ್ಲಿ ಇನ್ನೊಂದು ಬಗೆ. ಸ್ಮಶಾನವೊಂದನ್ನು ಆರಿಸಿಕೊಂಡು, ಬರೀ ಮೊದಲ ಹೆಸರು ಹಾಕಿ, ಸತ್ತ ವರ್ಷದ ಅಂದಾಜು ಕೊಟ್ಟು ಹುಡುಕಿ. ನನಗೆ ಸಿಕ್ಕವರಲ್ಲಿ ಅರ್ಧದಷ್ಟು ಜನ ಹಾಗೆ ಸಿಕ್ಕಿದ್ದು. ‘ಜೂನಿಯರ್’ ‘ಸೀನಿಯರ್’ ಎಂದು ಕಂಡ ಕೂಡಲೇ ಅಪ್ಪ ಮಗ ಎಂದುಕೊಳ್ಳಬೇಡಿ. ಆ ಕಾಲದಲ್ಲಿ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಹಿರಿಯ, ಕಿರಿಯ ಎನ್ನುತ್ತಿದ್ದರು, ಅಷ್ಟೇ. ಚಿಕ್ಕಪ್ಪನೂ ಅಣ್ಣನ ಮಗನೂ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಹೆಂಗಸರ ಕಲ್ಲಿನಲ್ಲಿ ‘ಕಾನ್ಸಾರ್ಟ್’ ಎಂದಿದ್ದರೆ ಗಂಡನಿಗಿಂತ ಮೊದಲು ಸತ್ತ ಮುತ್ತೈದೆ, ‘ರೆಲಿಕ್ಟ್’ ಎಂದಿದ್ದರೆ ವಿಧವೆ. ಒಂದೇ ಪದದಿಂದ ಗಂಡ ಸತ್ತದ್ದು ಹಿಂದೆಯೋ ಮುಂದೆಯೋ ಎಂಬುದು ತಿಳಿಯುತ್ತದೆ.

ಇನ್ನು ದೌರ್ಬಲ್ಯ. ಇಲ್ಲಿ ನಾನೇ ತಪ್ಪಿತಸ್ಥ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡನೆಯ ವರ್ಷ ನಾವಿರುವ ವುಸ್ಟರ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಒಂದು ಸಣ್ಣ ಊರಿನ ಹಳೆಯ ಸ್ಮಶಾನದಲ್ಲಿ ಬೀಗರ ಮನೆತನದ ಒಬ್ಬಾಕೆಯ ಕಲ್ಲು ಸಿಕ್ಕಿತು. ಕಪ್ಪು ಸ್ಲೇಟು, ಮೊಳಕಾಲೆತ್ತರ, ಮೇಲುಗಡೆ ರೆಕ್ಕೆ ಮೂಡಿದ ತಲೆಬುರುಡೆ. ಮಧ್ಯಾಹ್ನ ಹನ್ನೆರಡರ ಬಿಸಿಲು ನೆತ್ತಿಯ ಮೇಲಿತ್ತು. ಅಕ್ಷರಗಳಿಗೆ ನೆರಳೇ ಇರಲಿಲ್ಲ. ಕೆಳಗಿನ ಸಾಲಿನ ಮೇಲೆ ಕಲ್ಲುಹೂವು ರೂಪಾಯಿಯಗಲಕ್ಕೆ ಅಂಟಿಕೊಂಡಿತ್ತು. 1757ರ ಫೆಬ್ರವರಿ 20 ಎಂಬುದು ಸ್ಪಷ್ಟ. ಅದರ ಕೆಳಗೆ ‘44’, ಆಮೇಲೆ ‘ವಯಸ್ಸು’ ಎಂಬ ಪದ. ನಲವತ್ತನಾಲ್ಕು ವರ್ಷ ಎಂದು ಬರೆದುಕೊಂಡು ಮನೆಗೆ ಬಂದೆ. ತಾಣದಲ್ಲಿ ಆಕೆಯ ಪುಟ ಇರಲಿಲ್ಲ. ನಾನೇ ಹೊಸದಾಗಿ ತೆರೆದೆ, ಹೆಮ್ಮೆಯಿಂದ.

ನಲವತ್ತನಾಲ್ಕು ಎಂದರೆ ಹುಟ್ಟಿದ್ದು 1712ರ ಫೆಬ್ರವರಿಯಿಂದ 1713ರ ಫೆಬ್ರವರಿಯೊಳಗೆ. ಮ್ಯಾಸಚೂಸೆಟ್ಸ್‌ನ ಹಲವಾರು ಊರುಗಳ 1850ರವರೆಗಿನ ಜನನ, ಮದುವೆ, ಮರಣದ ದಾಖಲೆಗಳು ಅಚ್ಚಾಗಿವೆ. ಪಕ್ಕದ ಊರಿನ ಸಂಪುಟದಲ್ಲಿ ಅದೇ ಹೆಸರಿನ ಹುಡುಗಿ 1712ರ ಏಪ್ರಿಲ್‌ನಲ್ಲಿ ಹುಟ್ಟಿದ್ದಳು. ಲೆಕ್ಕ ಸರಿಹೊಂದಿತು. ಅವಳ ಅಪ್ಪ ಅಮ್ಮನ ಪುಟಗಳಿಗೆ ಕೊಂಡಿ ಹಾಕಿದೆ. ಅಲ್ಲಿಂದ ಮೇಲಕ್ಕೆ ಹೋದರೆ 1635ರಲ್ಲಿ ಬಂದ ಹಡಗಿನ ತನಕ ಮೆಟ್ಟಿಲು ಸಲೀಸು. ಬೀಗರು ಖುಷಿಯಾಗಿ ಊಟಕ್ಕೆ ಕರೆದರು.

ಆದರೆ ಆ ಸಂಪುಟದಲ್ಲಿ ಇನ್ನೊಬ್ಬಳೂ ಇದ್ದಳು. ಅದೇ ಹೆಸರು, ದಾಯಾದಿಯ ಮಗಳು, ಹುಟ್ಟಿದ್ದು ಜನವರಿ 1713/14. ಹಾಗೆ ಎರಡು ವರ್ಷ ಬರೆಯುವುದಕ್ಕೆ ಕಾರಣವಿದೆ. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ನಮಗೆ ಯುಗಾದಿ ಇದ್ದ ಹಾಗೆ. ಜನವರಿಯ ಮಗು ಅವರ ಲೆಕ್ಕಕ್ಕೆ 1713ರದು, ನಮ್ಮ ಈಗಿನ ಲೆಕ್ಕಕ್ಕೆ 1714ರದು. ಅವಳು ನನ್ನ ಲೆಕ್ಕಕ್ಕೆ ಹೊಂದಲಿಲ್ಲ, ಬಿಟ್ಟೆ.

ಮೂರು ವರ್ಷ ಕಳೆದ ಮೇಲೆ ಸಂಶಯ ಬಂತು. ಒಂದು ಉಯಿಲಿನಲ್ಲಿ ಆಕೆಯ ಅಪ್ಪನ ಹೆಸರು ಬೇರೆ ಇತ್ತು. ಬೇರೆಯವರು ಏನೆನ್ನುತ್ತಾರೆಂದು ಅಂತರ್ಜಾಲದ ವಂಶವೃಕ್ಷಗಳನ್ನು ತಡಕಿದೆ. ಹನ್ನೊಂದು ವೃಕ್ಷಗಳಲ್ಲಿ ನನ್ನ ಏಪ್ರಿಲ್ 1712ರ ಹುಡುಗಿಯೇ ಇದ್ದಳು. ಸಮಾಧಾನವಾಯಿತು. ಇಷ್ಟು ಜನ ಹೇಳಿದ ಮೇಲೆ ಸರಿಯೇ ಇರಬೇಕು. ಆಮೇಲೆ ಒಂದರಲ್ಲಿ ಆಧಾರ ಎಂಬ ಜಾಗವನ್ನು ಒತ್ತಿ ನೋಡಿದೆ. ನನ್ನದೇ ಪುಟ. ಇನ್ನೊಂದರಲ್ಲಿ ಒತ್ತಿದೆ, ಅದೂ ನನ್ನದೇ. ನಾನು ಹಾಕಿದ ತಪ್ಪು ಹನ್ನೊಂದು ಬಾಯಿ ಸುತ್ತಿ ನನ್ನೆದುರಿಗೇ ಸಾಕ್ಷಿ ಹೇಳಲು ಬಂದು ನಿಂತಿತ್ತು.

ಮಾರನೆಯ ಶನಿವಾರ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಈ ಸಲ ಬಚ್ಚಲುಮನೆಯ ಉದ್ದನೆಯ ಕನ್ನಡಿ ಕಾರಿನಲ್ಲಿತ್ತು. ಹಳೆಯ ಸ್ಮಶಾನಗಳಲ್ಲಿ ಬರಹ ಸಾಮಾನ್ಯವಾಗಿ ಪಡುವಣಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಕಲ್ಲಿನ ಬೆನ್ನಿಗೆ ಬೀಳುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಅಳಿಸಿಹೋದಂತಿದ್ದ ಅಕ್ಷರದ ಅಂಚಿಗೂ ನೆರಳು ಕಟ್ಟುತ್ತದೆ. ಅವಳು ಹತ್ತಡಿ ದೂರ ನಿಂತು ಕನ್ನಡಿ ಓಲಿಸಿದಳು. ನಾನು ಕಲ್ಲುಹೂವಿನ ಮೇಲೆ ನೀರು ಚಿಮುಕಿಸಿ ಕಾದೆ. ‘44’ರ ಹೆಗಲ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕದಾಗಿ ಎರಡಕ್ಷರ ಎದ್ದವು: ಇಂಗ್ಲಿಷಿನ ‘th’, ನಮ್ಮ ‘ನೆಯ’ ಎನ್ನುವ ಪ್ರತ್ಯಯ. ಪೂರ್ತಿ ಸಾಲು: ‘ತನ್ನ ವಯಸ್ಸಿನ 44ನೆಯ ವರ್ಷದಲ್ಲಿ.’ ನಲವತ್ತನಾಲ್ಕನೆಯದು ನಡೆಯುತ್ತಿತ್ತು ಎಂದರೆ ತುಂಬಿದ್ದು ನಲವತ್ತಮೂರು. 1757ರಲ್ಲಿ ನಲವತ್ತಮೂರು ತುಂಬಿದವಳು ಜನವರಿ 1713/14ರವಳು, ದಾಯಾದಿಯ ಮಗಳು. ಹಡಗಿನ ತನಕ ಹೋಗಿದ್ದ ಮೆಟ್ಟಿಲು ಅಲ್ಲಿಗೆ ಕುಸಿಯಿತು. ಬೀಗರು ಈ ಸಲ ಊಟಕ್ಕೆ ಕರೆಯಲಿಲ್ಲ.

ಪುಟ ತಿದ್ದಿದೆ. ಹನ್ನೊಂದು ಜನಕ್ಕೂ ಬರೆದೆ, ನಾಲ್ವರು ತಿದ್ದಿಕೊಂಡರು. ತಾಣದ ಕುರಿತು ನನ್ನ ಮುಖ್ಯ ಮಾತು ಇದೇ: ಇಲ್ಲಿ ಫೋಟೊ ಆಧಾರ, ಪಕ್ಕದಲ್ಲಿರುವ ಟೈಪು ಮಾಡಿದ ಬರಹ ಯಾರೋ ಹೇಳಿದ ಮಾತು. ತಂದೆ ತಾಯಿಯ ಕೊಂಡಿ ಹಾಕುವಾಗ ದಾಖಲೆ ತೋರಿಸಬೇಕೆಂಬ ಕಡ್ಡಾಯ ಇಲ್ಲ. ಫೋಟೊ ಇಲ್ಲದ ಪುಟವನ್ನು ನಾನೀಗ ಸುಳಿವು ಎಂದಷ್ಟೇ ಎಣಿಸುತ್ತೇನೆ. 1650ಕ್ಕೆ ಮೊದಲು ಸತ್ತವರ ಪುಟದಲ್ಲಿ ಅಚ್ಚುಕಟ್ಟಾದ ಗ್ರಾನೈಟ್ ಕಲ್ಲು ಕಂಡರೆ ಅದು ನೂರಿನ್ನೂರು ವರ್ಷ ಕಳೆದ ಮೇಲೆ ವಂಶಸ್ಥರು ನಿಲ್ಲಿಸಿದ್ದು ಎಂದುಕೊಳ್ಳಿ. ಆ ಕಾಲದ ಕಲ್ಲುಗಳು ಉಳಿದಿರುವುದೇ ಅಪರೂಪ.

ಹಾಗಾದರೆ ಹಳೆಯ ಕಲ್ಲು ಸುಳ್ಳು ಹೇಳುವುದಿಲ್ಲವೇ? ನಮ್ಮ ರಾಜ್ಯದ ಸೇಲಂ ಊರಿನ ಚಾರ್ಟರ್ ಸ್ಟ್ರೀಟ್ ಸ್ಮಶಾನಕ್ಕೆ ಹೋಗಿ. 1620ರಲ್ಲಿ ಇಂಗ್ಲೆಂಡಿನ ವಲಸೆಗಾರರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಹುಡುಗನಾಗಿ ಬಂದ ರಿಚರ್ಡ್ ಮೋರ್‌ನ ಕಲ್ಲು ಅಲ್ಲಿದೆ. ಆ ಹಡಗಿನ ಪ್ರಯಾಣಿಕರಲ್ಲಿ ಮೂಲ ಗೋರಿಕಲ್ಲು ಇನ್ನೂ ನಿಂತಿರುವುದು ಅವನೊಬ್ಬನದೇ ಎನ್ನುತ್ತಾರೆ. ಆದರೆ ‘ಮೇಫ್ಲವರ್ ಯಾತ್ರಿಕ’ ಎಂಬ ಸಾಲನ್ನೂ ಸತ್ತ ದಿನಾಂಕವನ್ನೂ ಬಹಳ ಕಾಲದ ಮೇಲೆ ಯಾರೋ ಕೆತ್ತಿಸಿದ್ದು. ಬಾಸ್ಟನ್ನಿನ ಗ್ರಾನರಿ ಸ್ಮಶಾನದಲ್ಲಿ ಇನ್ನೊಂದು ಕಥೆ. ಅಲ್ಲಿ ಕಲ್ಲುಗಳನ್ನು ಕಿತ್ತು ಸಾಲಾಗಿ ನೆಟ್ಟು ಅಂದಗೊಳಿಸಿದ್ದಾರೆ. ಸುಮಾರು 2,300 ಕಲ್ಲುಗಳು, ಮಣ್ಣಿನಲ್ಲಿರುವವರು ಐದು ಸಾವಿರ ಎಂದು ಅಂದಾಜು. ಕಲ್ಲಿನ ಕೆಳಗೇ ಆ ಮನುಷ್ಯ ಮಲಗಿದ್ದಾನೆಂದು ಜಿಪಿಎಸ್ ಗುರುತು ಹಾಕಿಕೊಂಡರೆ ಮೋಸ ಹೋಗುವವರು ನಾವೇ.

ರಸ್ತೆಬದಿಯ ಚರಿತ್ರೆಯ ಫಲಕಗಳಿಗೆ ಬೇರೆ ತಾಣ ಬಳಸುತ್ತೇನೆ: ಹಿಸ್ಟಾರಿಕಲ್ ಮಾರ್ಕರ್ ಡೇಟಾಬೇಸ್, 2006ರಿಂದ ಇದೆ. ಫಲಕದ ಪೂರ್ತಿ ಪಠ್ಯ, ನಿಲ್ಲಿಸಿದವರು ಯಾರು, ಯಾವ ವರ್ಷ ಎಂಬುದನ್ನು ಕೊಡುತ್ತದೆ. ನನಗೆ ಬೇಕಾದದ್ದು ಕೊನೆಯ ಎರಡು. ನಮ್ಮ ಕೌಂಟಿಯ ಪ್ರಿನ್ಸ್‌ಟನ್‌ನಲ್ಲಿ ರಿಡೆಂಪ್ಶನ್ ರಾಕ್ ಎಂಬ ಬಂಡೆಯಿದೆ. ಲ್ಯಾಂಕಾಸ್ಟರ್‌ನಿಂದ ಇಂಡಿಯನ್ನರು, ಅಂದರೆ ಅಮೆರಿಕದ ಮೂಲನಿವಾಸಿಗಳು, ಸೆರೆಹಿಡಿದು ಒಯ್ದಿದ್ದ ವಸಾಹತಿನ ಹೆಂಗಸು ಮೇರಿ ರೋಲ್ಯಾಂಡ್‌ಸನ್‌ಳ ಬಿಡುಗಡೆಯ ಒಪ್ಪಂದ 1676ರ ಮೇ 2ರಂದು ಈ ಬಂಡೆಯ ಮೇಲೆ ಆಯಿತು, ಇಂಡಿಯನ್ನರೊಡನೆ ಮಾತನಾಡಿದವನು ಕಾನ್ಕರ್ಡ್‌ನ ಜಾನ್ ಹೋರ್ ಎಂದು ಕೆತ್ತಿದ್ದಾರೆ. ಕೆತ್ತಿಸಿದವರು ಎರಡು ಶತಮಾನಗಳ ನಂತರ ಅದೇ ಹೋರ್ ಮನೆತನದ ಸೆನೆಟರ್. ಸುಳ್ಳೆನ್ನುತ್ತಿಲ್ಲ. ವೀರಗಲ್ಲನ್ನು ನಿಲ್ಲಿಸುವವರೂ ಸತ್ತವನ ಕಡೆಯವರೇ. ಆದರೆ ಅಂದು ಎದುರು ಕುಳಿತವರ ಕಡೆಯವರು ಫಲಕ ಬರೆದಿದ್ದರೆ ಪಠ್ಯ ಬೇರೆಯೇ ಇರುತ್ತಿತ್ತು. 1930ರಲ್ಲಿ ವಸಾಹತಿನ ಮುನ್ನೂರನೆಯ ವರ್ಷಕ್ಕೆಂದು ರಾಜ್ಯದ ರಸ್ತೆಗಳಲ್ಲಿ ನಿಲ್ಲಿಸಿದ ಎರಕದ ಕಬ್ಬಿಣದ ಫಲಕಗಳನ್ನೂ ಇದೇ ಎಚ್ಚರದಿಂದ ಓದಬೇಕು.

ಜೊತೆಗೆ ಒಯ್ಯಬೇಕಾದ್ದು: ಕನ್ನಡಿ, ನೀರು, ಮೆತ್ತನೆಯ ಬ್ರಷ್, ಉದ್ದ ತೋಳಿನ ಅಂಗಿ. ಮೂರೆಲೆಯ ಪಾಯಿಸನ್ ಐವಿ ಬಳ್ಳಿಗೆ ಹಳೆಯ ಸ್ಮಶಾನದ ಗೋಡೆಯೆಂದರೆ ಪ್ರೀತಿ. ಒಮ್ಮೆ ತಾಗಿಸಿಕೊಂಡು ಎರಡು ವಾರ ಕೆರೆದುಕೊಂಡಿದ್ದೇನೆ. ಅಕ್ಷರ ಎದ್ದುಕಾಣಲೆಂದು ಶೇವಿಂಗ್ ಕ್ರೀಮ್ ಬಳಿಯುವುದು, ಸೀಮೆಸುಣ್ಣ ತಿಕ್ಕುವುದು, ತಂತಿ ಬ್ರಷ್, ಬ್ಲೀಚು ಇವೆಲ್ಲ ಕಲ್ಲಿಗೆ ಹಾನಿ. ಕಾಗದ ಹಾಸಿ ಮೇಣದ ಬಳಪದಿಂದ ಉಜ್ಜಿ ಅಚ್ಚು ತೆಗೆಯುವುದನ್ನು ಬಾಸ್ಟನ್ನಿನ ಹಳೆಯ ಸ್ಮಶಾನಗಳಲ್ಲಿ ನಿಷೇಧಿಸಿದ್ದಾರೆ. ಸ್ಲೇಟು ಮುನ್ನೂರು ವರ್ಷ ತಾಳುತ್ತದೆ, ನಂತರ ಬಂದ ಅಮೃತಶಿಲೆ ಆಮ್ಲಮಳೆಗೆ ಸಕ್ಕರೆಯಂತೆ ಕರಗುತ್ತದೆ. ಹಾಗಾಗಿ ಮುತ್ತಜ್ಜನ ಕಲ್ಲು ಓದಲು ಬರುತ್ತದೆ, ಅವನ ಮೊಮ್ಮಗನದು ಬರುವುದಿಲ್ಲ.

ತಾಣಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಡಿಮೆಯಾದ ಒಂದು ದಾಖಲೆ ಕೇಳದೆ ಕೊಂಡಿ ಹಾಕಲು ಬಿಡುವುದಕ್ಕೆ.

ಜನವರಿ 1713/14ರವಳ ಅಮ್ಮನ ತಲೆಗಲ್ಲು ಇನ್ನೂ ಸಿಕ್ಕಿಲ್ಲ. ಆದರೆ ಅದೇ ಸ್ಮಶಾನದ ಹಿಂಗೋಡೆಗೆ ಒರಗಿಸಿಟ್ಟ ಮುರುಕು ಕಲ್ಲುಗಳ ನಡುವೆ ಅಂಗೈಯಗಲದ ಕಾಲುಗಲ್ಲೊಂದಿದೆ, ಗೋರಿಯ ಕಾಲಿನ ಕಡೆಗೆ ನೆಡುತ್ತಿದ್ದ ಪುಟ್ಟ ಕಲ್ಲು. ಅದರ ಮೇಲೆ ಹೆಸರಿಲ್ಲ, ವರ್ಷವಿಲ್ಲ; ಎರಡಕ್ಷರ ಮಾತ್ರ, ಆಕೆಯ ಹೆಸರಿಗೆ ಹೊಂದುವ ಎರಡಕ್ಷರ. ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಪುಟ ತೆರೆದಿಲ್ಲ.