ಕಾಂಬ್ಯಾಟ್ ರಿಮ್ ಇರುವ ಹಳೇ ಜೀಪಿನ ಚಕ್ರವನ್ನು ಪಂಕ್ಚರ್ ಅಂಗಡಿಗೆ ಕೊಡುವ ಮುನ್ನ

ಎರಡನೇ ಮಹಾಯುದ್ಧದ ವಿಲ್ಲೀಸ್ ಅಥವಾ ಫೋರ್ಡ್ ಜೀಪ್ ಇಟ್ಟುಕೊಂಡಿರುವ ಬೆಂಗಳೂರಿನವರು ದಯವಿಟ್ಟು ಓದಿ. ನಗರದ ಒಂದು ಪಂಕ್ಚರ್ ಅಂಗಡಿಯಲ್ಲಿ ಟೈರಿನ ಗಾಳಿ ತೆಗೆಯದೆ, ಏರ್ ಗನ್ ಹಿಡಿದು ರಿಮ್ಮಿನ ಹೊರಸುತ್ತಿನ ನಟ್‌ಗಳನ್ನೇ ಬಿಚ್ಚಿದರು. ಕೊನೆಯ ಎರಡು ಉಳಿದಾಗ ಬೋಲ್ಟ್ ಬಾಗಿ, ರಿಮ್ ಬಾಯಿಬಿಟ್ಟು, ಟ್ಯೂಬ್ ಸಿಡಿಯಿತು. ರಿಮ್ಮಿನ ತುಂಡು ಹುಡುಗನ ಮುಂಗೈ ಮುರಿಯಿತು. ಮುಖಕ್ಕೆ ಬಡಿದಿದ್ದರೆ ಜೀವವೇ ಹೋಗುತ್ತಿತ್ತು.

ಆ ಜೀಪುಗಳ ಕಾಂಬ್ಯಾಟ್ ರಿಮ್ ಒಂದೇ ತುಂಡಲ್ಲ, ಎರಡು ಹೋಳು. ಹೊರಸುತ್ತಿನ 8 ನಟ್ ಆ ಹೋಳುಗಳನ್ನು ಹಿಡಿದಿರುತ್ತವೆ. ಒಳಸುತ್ತಿನ 5 ನಟ್ ಮಾತ್ರ ಚಕ್ರವನ್ನು ಹಬ್‌ಗೆ ಕೂಡಿಸುತ್ತವೆ. ಈ ಜೀಪಿನ 6.00-16 ಅಳತೆಯ ಟೈರಿನಲ್ಲಿ 35 ಪಿಎಸ್ಐ ಗಾಳಿಯಿದ್ದರೆ ಹೋಳುಗಳನ್ನು ಹೊರಕ್ಕೆ ನೂಕುವ ಬಲ ಸಾವಿರಾರು ಕಿಲೋ. ಆದ್ದರಿಂದ ಆ 8 ನಟ್‌ಗಳಿಗೆ ಇವತ್ತೇ ಕೆಂಪು ಬಣ್ಣ ಬಳಿದುಬಿಡಿ. ಯುದ್ಧಕಾಲದ ಬ್ರಿಟಿಷ್ ಗಾಡಿಗಳಲ್ಲೂ ಇದೇ ಪದ್ಧತಿ ಇತ್ತು.

ಬಿಚ್ಚಲೇಬೇಕಾದರೆ ಮೊದಲು ವಾಲ್ವ್ ಪಿನ್ ಪೂರ್ತಿ ಹೊರತೆಗೆಯಿರಿ. ಬುಸ್ ಸದ್ದು ನಿಂತಿತೆಂದು ನಂಬಬೇಡಿ, ತುಕ್ಕೋ ಮಣ್ಣೋ ಕಟ್ಟಿಕೊಂಡರೂ ಸದ್ದು ನಿಲ್ಲುತ್ತದೆ. ವಾಲ್ವ್ ಒಳಗೆ ತೆಳು ತಂತಿ ತೂರಿಸಿ ನೋಡಿ, ಟೈರಿನ ಪಕ್ಕವನ್ನು ಅಂಗೈಯಿಂದ ಒತ್ತಿ ಮೆತ್ತಗಾಗಿದೆಯೇ ಪರೀಕ್ಷಿಸಿ. ಆಮೇಲೆ ಎಲ್ಲಾ 8 ನಟ್‌ಗಳನ್ನೂ ಅರ್ಧರ್ಧ ಸುತ್ತು ಸಡಿಲಿಸಿ. ಹೋಳು ತಾನಾಗಿ ಅಗಲವಾದರೆ ಅಲ್ಲಿಗೇ ನಿಲ್ಲಿಸಿ, ಒಳಗಿನ್ನೂ ಗಾಳಿಯಿದೆ.

ಇನ್ನೊಂದು ತೊಂದರೆ ಒಳಸುತ್ತಿನದು. ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಏರ್ ಗನ್ ಹಚ್ಚಿದರೆ ನಟ್ ಇನ್ನಷ್ಟು ಬಿಗಿದು ಸ್ಟಡ್ ತುಂಡಾಗುತ್ತದೆ. ಸ್ಟಡ್ ತುದಿಯಲ್ಲಿ 'ಎಲ್' ಗುರುತು ಹುಡುಕಿ. ಆದರೆ ಇಲ್ಲಿನ ಎಷ್ಟೋ ಜೀಪುಗಳಲ್ಲಿ ಹಬ್ ಬದಲಾಗಿರುವುದರಿಂದ ಪ್ರತಿ ಚಕ್ರವನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಸ್ಪ್ಯಾನರ್ ವಿಷಯ: ಚಕ್ರದ ನಟ್ 3/4 ಇಂಚು, 19 ಎಂಎಂ ಸಾಕೆಟ್ ಸರಿಯಾಗಿ ಕೂರುತ್ತದೆ. ಆ ಧೈರ್ಯದಲ್ಲಿ ಉಳಿದ ಕಡೆಗೂ ಎಂಎಂ ಸೆಟ್ ಬಳಸಬೇಡಿ. 9/16 ಇಂಚಿನ ನಟ್‌ಗೆ 14 ಹತ್ತುವುದಿಲ್ಲ, 15 ಹಾಕಿದರೆ ಮೂಲೆ ಸವೆದು ನಟ್ ಗುಂಡಗಾಗುತ್ತದೆ. ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಇಂಚಿನ ಸೆಟ್ಟನ್ನೇ ಕೇಳಿ. ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಸ್ಪ್ಯಾನರ್ ಮೇಲೂ ಇಂಚಿನ ಅಂಕಿಯೇ ಇರುತ್ತದೆ, ಅದು ಈ ಜೀಪಿಗೆ ಆಗುವುದಿಲ್ಲ.

ಮತ್ತೆ ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗಿಡಿ. ಕ್ಲಿಪ್ ಇರುವ ಉದ್ದ ಪೈಪು ಹಾಕಿ, ರಿಮ್ಮಿನ ಮುಖದ ಎದುರಿಗಲ್ಲ, ಟೈರ್ ನೆಲಕ್ಕೆ ತಾಗುವ ಅಂಚಿನ ಕಡೆ ದೂರದಲ್ಲಿ ನಿಲ್ಲಿ.