ಪುಗಸಟ್ಟೆ ದೋಣಿಯ ಹಿಂದೆ ಬರಿಗಾಲಲ್ಲಿ ಸ್ಕೀಯಿಂಗ್ ಕಲಿಯಲು ಹೋಗಬೇಡಿ

ನನ್ನ ಎಡಗಿವಿಯ ತಮಟೆ ಹರಿದು ಏಳು ವಾರವಾಯಿತು. ಸ್ನಾನಕ್ಕೆ ಹೋಗುವಾಗ ಈಗಲೂ ವ್ಯಾಸಲೀನ್ ಸವರಿದ ಹತ್ತಿಯುಂಡೆಯನ್ನು ಕಿವಿಗೆ ತುರುಕಿಕೊಳ್ಳುತ್ತೇನೆ. ಫ್ಲಾರಿಡಾದ ವಿಂಟರ್ ಹೇವನ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಯಾರಿಗಾದರೂ ನನ್ನಂತೆಯೇ ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಬರಿಗಾಲಲ್ಲಿ ಜಾರುವ ಹುಚ್ಚು ಹಿಡಿದಿದ್ದರೆ, ಇದನ್ನು ಓದಿ ಆಮೇಲೆ ನೀರಿಗಿಳಿಯಿರಿ.

ಹುಚ್ಚು ಹಿಡಿಸಿದ್ದು ಈ ಊರೇ. ಬರಿಗಾಲ ಸ್ಕೀಯಿಂಗ್ ಹುಟ್ಟಿದ್ದು 1947ರಲ್ಲಿ, ಇಲ್ಲಿಯೇ. ಆಗ ಸೈಪ್ರೆಸ್ ಗಾರ್ಡನ್ಸ್ ಎಂಬ ಪ್ರವಾಸಿ ಉದ್ಯಾನವಿದ್ದ ಜಾಗ ಅದು; ಈಗ ಅಲ್ಲಿ ಲೆಗೊಲ್ಯಾಂಡ್ ಎಂಬ ಮಕ್ಕಳ ಮನರಂಜನಾ ಪಾರ್ಕ್ ಇದೆ. ಮಗಳನ್ನು ಅಲ್ಲಿಗೆ ಕರೆದೊಯ್ದ ದಿನವೇ ಆಸೆ ಮೊಳೆಯಿತು. ಪರಿಚಯದವರೊಬ್ಬರು, "ದೋಣಿ ನನ್ನದು, ನಾನೇ ಕಲಿಸುತ್ತೇನೆ, ದುಡ್ಡು ಯಾಕೆ?" ಎಂದರು. ಪುಗಸಟ್ಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ ನನ್ನದು. ಹೋದೆ.

ಹೋಗಿ ನೋಡಿದರೆ ಅದು ತನ್ನ ಹಿಂದೆ ದೊಡ್ಡ ಅಲೆ ಎಬ್ಬಿಸಲೆಂದೇ ಮಾಡಿದ ದೋಣಿ. ನಮಗೆ ಬೇಕಾದದ್ದು ತದ್ವಿರುದ್ಧ: ಬೆಳಗಿನ ಜಾವದ ಕನ್ನಡಿಯಂಥ ನೀರು. ನಾವು ಇಳಿದದ್ದು ಗಾಳಿ ಬೀಸುತ್ತಿದ್ದ ಮಧ್ಯಾಹ್ನ ಮೂರಕ್ಕೆ. ಹೊಸಬರು ಕಲಿಯಬೇಕಾದದ್ದು ದೋಣಿಯ ಪಕ್ಕಕ್ಕೆ ಚಾಚಿದ ಬೂಮ್ ಎಂಬ ಉಕ್ಕಿನ ಕಂಬವನ್ನು ಹಿಡಿದು. ಅಲ್ಲಿ ನೀರು ಕಲಕಿರುವುದಿಲ್ಲ, ಮೈಭಾರದ ಒಂದು ಪಾಲನ್ನು ತೋಳು ಹೊರುತ್ತದೆ, ಹೇಳಿಕೊಡುವವರ ಮಾತೂ ಕೇಳಿಸುತ್ತದೆ. "ಬೂಮ್ ಎಲ್ಲ ಮಕ್ಕಳಿಗೆ" ಎಂದು ನಕ್ಕು, ಉದ್ದದ ಹಗ್ಗವನ್ನೇ ನನ್ನ ಕೈಗಿತ್ತರು.

ತೂಕವನ್ನು ಪೌಂಡಿನಲ್ಲಿ ಹತ್ತರಿಂದ ಭಾಗಿಸಿ ಇಪ್ಪತ್ತು ಕೂಡಿಸಿದರೆ ದೋಣಿಗೆ ಬೇಕಾದ ವೇಗ, ಗಂಟೆಗೆ ಮೈಲಿಗಳಲ್ಲಿ. 72 ಕಿಲೋ ತೂಗುವ ನನಗೆ ಸುಮಾರು 36 ಮೈಲಿ, ಅಂದರೆ 58 ಕಿ.ಮೀ. ಶುರುವಿಗೆ ಒಂಟಿ ಸ್ಕೀಯ, ಅಂದರೆ ಕಾಲಿಗೆ ಕಟ್ಟುವ ಹಲಗೆಯ ಮೇಲೆ ನಿಂತು, ಅದನ್ನು ಬಿಡಲೆಂದು ಇನ್ನೊಂದು ಪಾದವನ್ನು ನೀರಿಗೆ ತಾಗಿಸಿದೆ. ಅಂಗಾಲು ಕಾದ ಹಂಚಿನ ಮೇಲಿಟ್ಟಂತೆ ಉರಿಯಿತು. ಭಾರವನ್ನು ಆ ಕಾಲಿಗೆ ಹಾಕುವಷ್ಟರಲ್ಲಿ ಒಂದು ಸಣ್ಣ ಅಲೆ ಬಂತು. ಹೆಬ್ಬೆರಳು ನೀರಿಗೆ ಕಚ್ಚಿಕೊಂಡಿತು. ಬಿದ್ದದ್ದು ಎಡಗಿವಿಯ ಮೇಲೆ. ಕಪಾಳಕ್ಕೆ ಹಲಗೆಯಿಂದ ಬಾರಿಸಿದಂತಾಯಿತು.

ನೋವಿಗಿಂತ ಹೆದರಿಸಿದ್ದು ಅನಂತರದ್ದು. ಹರಿದ ತಮಟೆಯ ಆಚೆಗೆ ತಣ್ಣೀರು ನುಗ್ಗಿದರೆ ತಲೆ ಗಿರ್ರನೆ ತಿರುಗುತ್ತದೆ. ನನಗೆ ಮೇಲು ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಮೇಲಕ್ಕೆಂದು ಭಾವಿಸಿ ಕೈ ಬಡಿದದ್ದು ಕೆಳಕ್ಕೆ. ಎತ್ತಿದ್ದು ಜೀವರಕ್ಷಕ ಜಾಕೆಟ್. ಹಿಂದೆ ನೋಡುತ್ತಿರಲು ಇನ್ನೊಬ್ಬರಿರಬೇಕು, ಇಲ್ಲವೇ ದೋಣಿಗೆ ಅಗಲ ನೋಟದ ಕನ್ನಡಿ ಇರಬೇಕೆಂಬುದು ಇಲ್ಲಿನ ಕಾನೂನು. ಕನ್ನಡಿಯೇನೋ ಇತ್ತು, ನೋಡಬೇಕಾದವರು ಮೊಬೈಲ್ ನೋಡುತ್ತಿದ್ದರು.

ಕಿವಿಗೆ ಬಿರಡೆ ಇಡಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಚಡ್ಡಿಯ ವಿಷಯವನ್ನೂ ಹೇಳಿಬಿಡುತ್ತೇನೆ: ಮಾಮೂಲಿ ಈಜುಚಡ್ಡಿಯಲ್ಲಿ ಆ ವೇಗಕ್ಕೆ ಕುಂಡೆಯೂರಿ ಬಿದ್ದರೆ ನೀರು ಎಲ್ಲಿಗೆ ನುಗ್ಗುತ್ತದೆಂದು ಮರ್ಯಾದೆಯಿಂದ ಬರೆಯಲಾಗದು. ವೆಟ್‌ಸೂಟ್ ಎಂಬ ಮೈಗಂಟುವ ದಪ್ಪನೆಯ ರಬ್ಬರ್ ಉಡುಪು ಇಲ್ಲದೆ ಇಳಿಯಬೇಡಿ.

ಮೊನ್ನೆ ಅವರಿಂದ ಸಂದೇಶ ಬಂದಿದೆ: "ಕಿವಿ ವಾಸಿಯಾಯಿತೆ? ಭಾನುವಾರ ದೋಣಿ ತೆಗೆಯುತ್ತಿದ್ದೇನೆ." ಬೂಮ್ ಕೊಂಡಿರಾ ಎಂದು ಕೇಳಿದ್ದೇನೆ. ಇನ್ನೂ ಉತ್ತರವಿಲ್ಲ.