ಆನ್‌ಲೈನಲ್ಲಿ ತರಿಸಿದ ‘ಭಗವಾ ಕಸಿ ದಾಳಿಂಬೆ’: ಎರಡು ಮುಕ್ಕಾಲು ವರ್ಷ ಕಾದು ಬರೀತಿರೋ ರಿವ್ಯೂ

ಪಾರ್ಸೆಲ್ ಬಿಚ್ಚಿದ ದಿನಾನೇ ಗಿಡದ ರಿವ್ಯೂ ಬರೆಯೋರನ್ನ ನೋಡಿದ್ರೆ ನಂಗೆ ನಗು ಬರುತ್ತೆ. “ಪ್ಯಾಕಿಂಗ್ ಸೂಪರ್, ಎಲೆ ಎಲ್ಲ ಹಸಿರಾಗಿದೆ, ಐದು ಸ್ಟಾರ್.” ಅಲ್ಲ ಕಣ್ರೀ, ಹಣ್ಣಿನ ಗಿಡ ಅಂದ್ರೆ ಹಣ್ಣು ತಿಂದ್ಮೇಲೆ ತಾನೇ ಹೇಳ್ಬೇಕು? ನಗೋಕೆ ನಂಗೂ ಮುಖ ಇಲ್ಲ ಬಿಡಿ, ಅವತ್ತು ನಾನೂ ನಾಲ್ಕು ಸ್ಟಾರ್ ಒತ್ತಿ ಬಂದಿದ್ದೆ, ಈಗ ಅದನ್ನ ತಿದ್ದೋಕೆ ಕೂತಿದೀನಿ.

2022ರ ಜುಲೈನಲ್ಲಿ ತರಿಸಿದ್ದು. ಮೂರು ದಾಳಿಂಬೆ ಗಿಡ, ಮೂರೂ ಬೇರೆ ಬೇರೆ ತಳಿ. ಒಂದು ಭಗವಾ ₹349, ಒಂದು ಗಣೇಶ್ ಅದೂ ₹349, ಇನ್ನೊಂದು “ಸೂಪರ್ ಡ್ವಾರ್ಫ್, ಕುಂಡದಲ್ಲೇ ವರ್ಷಪೂರ್ತಿ ಹಣ್ಣು” ಅಂತ ₹399, ಮೇಲೆ ಕೊರಿಯರ್ ಬೇರೆ ₹150. ಅಂಗಡಿ ಹೆಸರು ಹಾಕಲ್ಲ, ಇದೇ ಫೋಟೋ ಇದೇ ಮಾತು ಇಟ್ಕೊಂಡು ಮಾರೋರು ಹುಡುಕಿದ್ರೆ ಹತ್ತು ಜನ ಸಿಗ್ತಾರೆ. ನಮ್ಮನೆ ವಿದ್ಯಾರಣ್ಯಪುರದಲ್ಲಿ, ಟೆರೇಸ್ ಮೇಲೆ ಬೆಳಗ್ಗೆಯಿಂದ ಸಂಜೆ ತನಕ ಬಿಸಿಲು, 18 ಇಂಚಿನ ಗ್ರೋ ಬ್ಯಾಗು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಅಂದ್ರೆ ಗಿಡಕ್ಕೆ ಮಾಡೋದ್ರಲ್ಲಿ ನಾನು ಏನೂ ಕಮ್ಮಿ ಮಾಡಿಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ, ಆಮೇಲೆ “ಮೇಡಂ ನೀವು ಗೊಬ್ಬರ ಹಾಕಿಲ್ಲ” ಅನ್ನಬೇಡಿ.

ಗಣೇಶನ ಕಥೆ ಬೇಗ ಮುಗಿಯುತ್ತೆ. ಬಂದಾಗಲೇ ಬೇರಿನ ಮಣ್ಣು ಒಡೆದು ಪುಡಿಯಾಗಿತ್ತು, ಹದಿನೈದು ದಿನಕ್ಕೆ ಒಣಗಿ ಕಡ್ಡಿ ಆಯ್ತು. ಕಸ್ಟಮರ್ ಕೇರ್‌ನೋರು ಪಾರ್ಸೆಲ್ ಬಿಚ್ಚೋ ವಿಡಿಯೋ ಇದ್ಯಾ ಅಂದ್ರು, ಇಲ್ಲ ಅಂದೆ, ಅಲ್ಲಿಗೆ ವಿಸರ್ಜನೆ.

ಭಗವಾ ಗಿಡದ್ದು ದೊಡ್ಡ ಕಥೆ. ಬುಡದಿಂದ ನಾಲ್ಕು ಬೆರಳು ಮೇಲೆ ಪ್ಲಾಸ್ಟಿಕ್ ಟೇಪ್ ಸುತ್ತಿತ್ತು, ಅದೇ “ಕಸಿ ಗಿಡ” ಅನ್ನೋದಕ್ಕೆ ಸಾಕ್ಷಿ ಅನ್ನೋ ಹಾಗೆ. ತಿಂಗಳಾದ್ಮೇಲೆ ಕಾಂಡ ಬಿಗೀತಿದೆ ಅಂತ ಬಿಚ್ಚಿದ್ರೆ ಒಳಗೆ ಏನೂ ಇಲ್ಲ! ಕೂಡಿಸಿದ ಗಂಟಿಲ್ಲ, ಕೊಯ್ದ ಗುರುತಿಲ್ಲ, ನೆಟ್ಟಗೆ ಒಂದೇ ಕಾಂಡ. ಆಗ ನಂಗೆ ಇದರ ಅರ್ಥ ಆಗಿರಲಿಲ್ಲ, ಆಮೇಲೆ ಗೊತ್ತಾಯ್ತು. ದಾಳಿಂಬೆಗೆ ಮಾವಿನ ಥರ ಕಸಿ ಕಟ್ಟೋದು ಅಪರೂಪ, ಸಾಮಾನ್ಯವಾಗಿ ಗೂಟಿ ಹಾಕ್ತಾರೆ (ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸೋದು), ಇಲ್ಲ ಕಡ್ಡಿ ನೆಡ್ತಾರೆ, ಇಲ್ಲ ಟಿಶ್ಯೂ ಕಲ್ಚರ್ ಮಾಡ್ತಾರೆ (ಗಿಡದ ಚೂರಿಂದ ಲ್ಯಾಬಲ್ಲಿ ಸಸಿ ಎಬ್ಬಿಸೋದು). ಹಂಗಾಗಿ ದಾಳಿಂಬೆ ಗಿಡದ ಮೇಲೆ ಟೇಪ್ ಕಂಡ್ರೆ ಒಂದ್ಸಲ ಬಿಚ್ಚಿ ನೋಡಿ. ನಂಗೆ ಬಂದಿದ್ದು ಬೀಜ ಹಾಕಿ ಎಬ್ಬಿಸಿದ ಸಸಿ, ಅದಕ್ಕೆ ಕೈಗೆ ಬಳೆ ತೊಡಿಸಿದ ಹಾಗೆ ಟೇಪ್ ತೊಡಿಸಿ ₹349 ಮಾಡಿದ್ರು.

ಬೀಜದ ಸಸಿ ಆದ್ರೆ ಏನಂತೆ ಅಂತ ಕೇಳ್ತೀರಾ. ದಾಳಿಂಬೆ ಬೀಜ ತಾಯಿ ಥರಾನೇ ಹುಟ್ಟಲ್ಲ. ಒಂದೇ ಹಣ್ಣಿನ ಹತ್ತು ಬೀಜ ನೆಟ್ರೆ ಹತ್ತೂ ಬೇರೆ ಬೇರೆ, ಒಂದು ಹುಳಿ, ಒಂದು ಚಪ್ಪೆ, ಒಂದ್ರ ಬೀಜ ಕಲ್ಲು. ಯಾವಾಗ್ಲೋ ಒಂದು ಬಂಗಾರ ಬರುತ್ತೆ, ಇಲ್ಲ ಅನ್ನಲ್ಲ, ಗಣೇಶ್ ತಳಿ ಹುಟ್ಟಿದ್ದೇ ಹಂಗೆ. ಪುಣೆಯ ಗಣೇಶಖಿಂಡದಲ್ಲಿ ಡಾಕ್ಟರ್ ಚೀಮಾ ಅನ್ನೋರು ಆಳಂದಿ ದಾಳಿಂಬೆಯ ಸಸಿಗಳಲ್ಲಿ ಆರಿಸಿ ತೆಗೆದಿದ್ದು, ಅದರ ಬೀಜ ಮೆತ್ತಗೆ, ಕಾಳು ತಿಳಿ ಗುಲಾಬಿ. ಆದ್ರೆ ಅಷ್ಟು ಸಸಿ ಬೆಳೆಸಿ ಒಂದನ್ನ ಆರಿಸೋಕೆ ಅವರ ಹತ್ರ ಹೊಲ ಇತ್ತು, ನನ್ನ ಹತ್ರ ಇರೋದು ಒಂದು ಗ್ರೋ ಬ್ಯಾಗು.

ಮೊದಲ ವರ್ಷ ಹೂವಿಲ್ಲ. ಎರಡನೇ ವರ್ಷದ ಕೊನೆಗೆ ಹೂ ಬಿಡ್ತು, ಬಿಟ್ಟಿದ್ದೆಲ್ಲ ಪಟಪಟ ಉದುರ್ತು, ಮನೆಯವ್ರು ದಿನಾ ಗುಡಿಸಿ “ಇವತ್ತಿನ ಫಸಲು” ಅಂತ ಮೊರದಲ್ಲಿ ತಂದು ತೋರ್ಸೋರು. ಇದು ಗಿಡದ ತಪ್ಪೇನಲ್ಲ. ದಾಳಿಂಬೇಲಿ ಎರಡು ಥರ ಹೂವು ಇರುತ್ತೆ, ಗಂಟೆ ಥರ ಬುಡ ಸಣ್ಣಗಿರೋದು ಗಂಡು, ಅದು ಉದುರಲೇಬೇಕು. ಹೂದಾನಿ ಥರ ಬುಡ ದಪ್ಪಗಿರೋದು ಮಾತ್ರ ಕಾಯಿ ಕಚ್ಚುತ್ತೆ. ಇದು ಗೊತ್ತಿಲ್ದೆ ನಾನು ಆರು ತಿಂಗಳು ಸುಮ್ನೆ ಬೇಜಾರು ಮಾಡ್ಕೊಂಡು ಕಂಡೋರು ಹೇಳಿದ ಔಷಧಿ ಎಲ್ಲ ಹೊಡೆದೆ.

ಕೊನೆಗೆ ಈ ಸಲ ಮೂರು ಕಾಯಿ ನಿಲ್ತು. ಒಂದನ್ನ ಹಣ್ಣು ಕೊರಕ ತಿಂತು (ಚಿಟ್ಟೆ ಬಂದು ಕಾಯಿ ಮೇಲೆ ಮೊಟ್ಟೆ ಇಟ್ಟು ಹೋಗುತ್ತೆ, ಹುಳ ಒಳಗೆ ಹೊಕ್ರೆ ಮುಗೀತು, ಕಾಯಿ ನಿಂಬೆ ಗಾತ್ರ ಆದ ತಕ್ಷಣ ಹಳೇ ಬಟ್ಟೆ ಚೀಲ ಕಟ್ಟಿಬಿಡಿ). ಇನ್ನೊಂದು ನಾವು ವಾರ ಊರಿಗೆ ಹೋಗಿ ಬಂದು ಒಂದೇ ಸಲ ಬಕೆಟ್ಟುಗಟ್ಲೆ ನೀರು ಸುರಿದಿದ್ದಕ್ಕೆ ಬಿರಿದು ಹೋಯ್ತು, ಅದು ನನ್ನ ತಪ್ಪು. ಉಳಿದ ಒಂದನ್ನ ಕೊಯ್ದು ಬಿಡಿಸಿದ್ರೆ ಕಾಳು ಬಿಳಚಿಕೊಂಡಿದೆ, ಬಾಯಿಗೆ ಹಾಕಿದ್ರೆ ಹುಳಿ, ಅಗಿದ್ರೆ ಕಟಕಟ. ಭಗವಾ ಅಂದ್ರೆ ಸಿಪ್ಪೆ ದಪ್ಪಗೆ ಕೇಸರಿ ಕೆಂಪು, ಕಾಳು ಗಾಢ ಕೆಂಪು, ಬೀಜ ಮೆತ್ತಗೆ ಇರ್ಬೇಕು. ಇದರಲ್ಲಿ ಅದ್ಯಾವುದೂ ಇಲ್ಲ. ಪಕ್ಕದ ಮನೆ ಸಾಗರದ ಆಂಟಿ ಮಾತ್ರ ಖುಷಿಯಾಗಿ “ಹುಳಿ ದಾಳಿಂಬೆನಾ? ಸಿಪ್ಪೆ ಬಿಸಾಕಬೇಡಿ ಮಾರಾಯ್ರೆ, ತಂಬುಳಿ ಮಾಡ್ತೀನಿ, ಚಿಗುರೂ ಕೊಡಿ” ಅಂತ ತಗೊಂಡು ಹೋದ್ರು. ತಂಬುಳಿ ಚೆನ್ನಾಗಿತ್ತು.

ಇನ್ನು ಆ ಸೂಪರ್ ಡ್ವಾರ್ಫ್. ಅದು ಶೋಗೆ ಬೆಳೆಸೋ ದಾಳಿಂಬೆ, ಅದರ ಹೆಸರೇ ‘ನಾನಾ’. ಮೊಣಕಾಲೆತ್ತರದ ಗಿಡ, ಸಣ್ಣ ಸಣ್ಣ ಎಲೆ, ತುಂಬಾ ಕೆಂಪು ಹೂವು, ಕಾಯಿ ನಿಂಬೆಹಣ್ಣಿನಷ್ಟು. ವರ್ಷಪೂರ್ತಿ ಹಣ್ಣು ಅಂದಿದ್ದು ಸುಳ್ಳಲ್ಲ ಒಂದು ಲೆಕ್ಕದಲ್ಲಿ, ತಿನ್ನೋಕಾಗುತ್ತೆ ಅಂತ ಅವರು ಎಲ್ಲೂ ಬರೆದಿರಲಿಲ್ಲ, ಆಮೇಲೆ ಹೋಗಿ ಓದಿ ನೋಡಿದೆ.

ಈಗ ನಂಗೆ ನಿಜವಾಗ್ಲೂ ಹಣ್ಣು ಕೊಟ್ಟಿದ್ದು ಎಲ್ಲಿಂದ ಬಂತು ಅಂತ ಹೇಳ್ಬೇಕು. ಅದಕ್ಕೆ ಒಂದು ರೂಪಾಯೂ ಕೊಟ್ಟಿಲ್ಲ.

ಪಾರ್ಕಲ್ಲಿ ವಾಕಿಂಗ್ ಬರೋ ಒಬ್ರು ರಿಟೈರ್ಡ್ ಮೇಷ್ಟ್ರ ಮನೆ ಮುಂದೆ ನೆಲದಲ್ಲೇ ನೆಟ್ಟ ದಾಳಿಂಬೆ ಇದೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನೋರು ತೆಗೆದ ರೂಬಿ ತಳಿ ಅಂತ ಅವ್ರು ಹೇಳ್ತಾರೆ. ರೂಬಿ ಹೌದೋ ಅಲ್ವೋ ನಂಗೆ ಆ ಚಿಂತೆ ಇಲ್ಲ, ಯಾಕಂದ್ರೆ ಆ ಮರದ ಹಣ್ಣು ನಾನು ಎರಡು ವರ್ಷ ತಿಂದಿದೀನಿ. ಸಿಹಿ, ಕೆಂಪು, ಬೀಜ ಹಲ್ಲಿಗೆ ಸಿಗಲ್ಲ. ನರ್ಸರಿ ಚೀಟಿ ಓದಿ ತಗೊಳ್ಳೋದಕ್ಕೂ ತಾಯಿ ಗಿಡದ ಹಣ್ಣು ತಿಂದು ತಗೊಳ್ಳೋದಕ್ಕೂ ಇರೋ ವ್ಯತ್ಯಾಸ ಇಷ್ಟೇ ನೋಡಿ. ಕಡ್ಡಿ ಅಂದ್ರೆ ಅದೇ ಗಿಡ, ಮೋಸಕ್ಕೆ ಜಾಗ ಇಲ್ಲ.

2023ರ ಜನವರೀಲಿ ಅವ್ರು ಗಿಡ ಸವರುವಾಗ ಹನ್ನೆರಡು ಕಡ್ಡಿ ಕೊಟ್ರು. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ತೀರಾ ಎಳೇದೂ ಅಲ್ಲ ತೀರಾ ಬಲಿತಿದ್ದೂ ಅಲ್ಲ, ಕಳೆದ ವರ್ಷದ ರೆಂಬೆ. ಕೆಳಗಿನ ತುದಿ ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಬೇರು ಬರಿಸೋ ಪುಡಿ ಸಿಗುತ್ತಲ್ಲ ಐಬಿಎ ಇರೋದು, ಅದರಲ್ಲಿ ಅದ್ದಿ, ಮರಳು ಕೋಕೋಪೀಟ್ ಅರ್ಧರ್ಧ ಬೆರೆಸಿದ ಕವರಲ್ಲಿ ಮುಕ್ಕಾಲು ಭಾಗ ಹೂತು ನೆರಳಲ್ಲಿ ಇಟ್ಟೆ. ಮೂರು ವಾರಕ್ಕೆ ಚಿಗುರು ಬರುತ್ತೆ, ಬಂತು ಅಂತ ಕಿತ್ತು ನೋಡ್ಬೇಡಿ ದಯವಿಟ್ಟು! ಚಿಗುರು ಕಡ್ಡಿಯೊಳಗಿನ ಕಸುವಿಂದಾನೇ ಬರುತ್ತೆ, ಬೇರು ಬರೋಕೆ ಎರಡು ತಿಂಗಳು ಬೇಕು. ಹನ್ನೆರಡರಲ್ಲಿ ಏಳು ಹಿಡೀತು, ಎರಡು ಇಟ್ಕೊಂಡು ಐದು ಹಂಚಿದೆ.

ನನ್ನ ತವರು ಮಧುಗಿರಿ ಕಡೆ. ಹಳೇ ತಳಿಪಟ್ಟಿಗಳಲ್ಲಿ ‘ಮಧುಗಿರಿ’ ಅಂತಾನೇ ಒಂದು ದಾಳಿಂಬೆ ಹೆಸರಿದೆ. ನಮ್ಮ ಹಿತ್ತಲಿನ ಮರ ಅದೇನಾ ಅಂದ್ರೆ ಅಮ್ಮಂಗೆ ಗೊತ್ತಿಲ್ಲ, ಅದು ಬರೀ “ಬಾವಿ ಹತ್ರದ ಗಿಡ”. ಕಾಳು ಬೆಳ್ಳಗಿದ್ರೂ ಸಕ್ಕರೆ. ಮರಕ್ಕೆ ವಯಸ್ಸಾಗಿದೆ, ಮನೆ ಮಾರೋ ಮಾತೂ ನಡೀತಿದೆ, ಅದಕ್ಕೇ 2023ರ ಮಳೆಗಾಲದಲ್ಲಿ ಹೋಗಿ ಮೂರು ಗೂಟಿ ಹಾಕಿ ಬಂದೆ. ರೆಂಬೆ ಸುತ್ತ ಒಂದಿಂಚು ತೊಗಟೆ ಬಿಡಿಸಿ, ನೆಂದ ಪಾಚಿ ಮುಚ್ಚಿ ಪ್ಲಾಸ್ಟಿಕ್ ಕಟ್ಟೋದು. ಎರಡು ಬಂತು. ಅದರಲ್ಲಿ ಒಂದು ಮೇಷ್ಟ್ರ ಮನೆಗೆ ಹೋಯ್ತು, ಕಡ್ಡಿಗೆ ಬದಲು.

ಹಂಚ್ಕೊಳ್ಳೋದನ್ನ ಬರೀ ಹೊಗಳಿ ಬಿಟ್ರೆ ನನ್ನ ಮೈದುನ ಸುಮ್ನಿರಲ್ಲ. ಅವ್ರದ್ದು ಕುಷ್ಟಗಿ ಕಡೆ, ನಾಲ್ಕು ಎಕರೆ ದಾಳಿಂಬೆ ಇತ್ತು, ದುಂಡಾಣು ಅಂಗಮಾರಿ ಅನ್ನೋ ರೋಗ ಬಂದು ಪೂರ್ತಿ ಕಿತ್ತು ಹಾಕಿದ್ರು. ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆ ಈ ಕಥೆ ಮನೆಮನೇಲೂ ಸಿಗುತ್ತೆ. ನನ್ನ ಕಡ್ಡಿ ಸಂಭ್ರಮ ನೋಡಿ ಫೋನಲ್ಲಿ ಹೇಳಿದ್ರು, “ವೈನಿ, ಕಡ್ಡಿ ಕೊಡೋರು ಬರೇ ಕಡ್ಡಿ ಕೊಡೂದಿಲ್ರಿ, ರೋಗಾನೂ ಕೊಡ್ತಾರ. ದಾಳಿಂಬ್ರಿ ಗಿಣ್ಣ ಕರ್ರಗ ಆಗಿತ್ತಂದ್ರ ಮುಟ್ಟಬ್ಯಾಡ್ರಿ.” ಆ ಅಂಗಮಾರಿ ತರೋದು ಕ್ಸಾಂಥೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ, ರೆಂಬೆಯಲ್ಲಿ ಕೂತಿರುತ್ತೆ, ಮಳೆ ಹನಿ ಸಿಡಿದ್ರೆ ಸಾಕು ಪಕ್ಕದ ಗಿಡಕ್ಕೆ ಹೋಗುತ್ತೆ. ಎಲೆ ಮೇಲೆ ನೀರು ಹೀರಿದ ಹಾಗೆ ಕಪ್ಪು ಚುಕ್ಕಿ, ಸುತ್ತ ಹಳದಿ. ಹಣ್ಣಿನ ಮೇಲೆ ಎಣ್ಣೆ ಎಣ್ಣೆ ಕಪ್ಪು ಕಲೆ, ಆಮೇಲೆ ಅದು ವೈ ಆಕಾರಕ್ಕೋ ಎಲ್ ಆಕಾರಕ್ಕೋ ಬಿರಿಯುತ್ತೆ. ಇಂಥ ಗಿಡದ್ದು ಎಷ್ಟೇ ಸಿಹಿ ಹಣ್ಣಾದ್ರೂ ಕಡ್ಡಿ ಬೇಡ. ಕತ್ತರಿ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ನಾನೀಗ ಯಾರ ಮನೆಗೆ ಹೋದ್ರೂ ಮೊದಲು ಹಣ್ಣು ಕೇಳ್ತೀನಿ, ಆಮೇಲೆ ಗಿಣ್ಣು ನೋಡ್ತೀನಿ, ಜನ ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

ಸ್ಯಾನ್ ಹೋಸೆಯಲ್ಲಿರೋ ತಮ್ಮ ಪರ್ಫಿಯಾಂಕಾ ಅನ್ನೋ ತಳಿ ಬೆಳೆಸಿದಾನೆ, ತುರ್ಕ್‌ಮೆನಿಸ್ತಾನದಲ್ಲಿ ಗ್ರಿಗೊರಿ ಲೆವಿನ್ ಅನ್ನೋ ವಿಜ್ಞಾನಿ ಸಾವಿರಕ್ಕೂ ಮೇಲೆ ದಾಳಿಂಬೆ ತಳಿ ಕೂಡಿಟ್ಟಿದ್ರಂತಲ್ಲ, ಅಲ್ಲಿಂದ ಅಮೆರಿಕಕ್ಕೆ ಹೋಗಿದ್ದು. “ಅಕ್ಕಾ, ಬರುವಾಗ ಸೂಟ್‌ಕೇಸಲ್ಲಿ ನಾಲ್ಕು ಕಡ್ಡಿ ತರ್ಲಾ” ಅಂದ. ಪರ್ಮಿಟ್ ಇಲ್ದೆ ಗಿಡ ತರಂಗಿಲ್ಲ, ಕುಷ್ಟಗಿ ಕಥೆ ಕೇಳಿದ್ಮೇಲಂತೂ ನಂಗೆ ಆ ಧೈರ್ಯ ಇಲ್ಲ, ಚಾಕ್ಲೇಟ್ ತಾ ಸಾಕು ಅಂದೆ.

ಕಡ್ಡಿ ಕೊಡೋರು ಯಾರೂ ಇಲ್ಲ, ಕೊಂಡ್ಕೊಳ್ಳಲೇಬೇಕು ಅಂದ್ರೆ ಕಣ್ಣಿಗೆ ಕಾಣೋ ನರ್ಸರಿಗೆ ಹೋಗಿ ಟಿಶ್ಯೂ ಕಲ್ಚರ್ ಭಗವಾ ತಗೊಳ್ಳಿ. ನಾನು ಕಳೆದ ವರ್ಷ ದೊಡ್ಡಬಳ್ಳಾಪುರ ರೋಡಲ್ಲಿ ಒಂದು ತಂದೆ, ₹120, ಇನ್ನೂ ಹಣ್ಣಾಗಿಲ್ಲ, ಹಂಗಾಗಿ ಅದಕ್ಕೆ ಸ್ಟಾರ್ ಇಲ್ಲ. ನಿಯಮ ಅಂದ್ರೆ ನಿಯಮ.

ಲೆಕ್ಕ ಹೇಳ್ಬಿಡ್ತೀನಿ. ಮೇಷ್ಟ್ರ ಕಡ್ಡಿಯ ಗಿಡ ಎರಡೂ ಸೇರಿ 2024ರ ಜುಲೈನಲ್ಲಿ ಕಾಯಿ ಕಚ್ಚಿ, 2025ರ ಜನವರೀಲಿ ಹನ್ನೊಂದು ಹಣ್ಣು ಕೊಟ್ವು, ಅವರ ಮರದ ರುಚೀನೇ. ಐದಕ್ಕೆ ಐದು. ಆನ್‌ಲೈನ್ ಪಾರ್ಸೆಲ್‌ಗೆ ಒಂದೂವರೆ. ಒಂದು ಸ್ಟಾರ್ ಪ್ಯಾಕಿಂಗ್‌ಗೆ, ರಟ್ಟಿನ ಡಬ್ಬಿ ನಿಜಕ್ಕೂ ಗಟ್ಟಿ ಇತ್ತು, ಈಗ ಅದರಲ್ಲಿ ಈರುಳ್ಳಿ ಇಡ್ತೀವಿ. ಉಳಿದ ಅರ್ಧ ಆ ನಾನಾ ಗಿಡಕ್ಕೆ, ದಿನಾ ಬೆಳಗ್ಗೆ ಒಂದು ಸೂರಕ್ಕಿ ಜೋಡಿ ಬಂದು ಅದರ ಹೂವಿಗೆ ಕೊಕ್ಕು ಹಾಕಿ ಹೋಗುತ್ತೆ.

ಹುಳಿ ಗಿಡ ಸಾಗರದ ಆಂಟಿ ಟೆರೇಸಿಗೆ ಹೋಗಿದೆ. ರೂಬಿ ಕಡ್ಡಿ ಬೇಕಾದೋರು ಬರೋ ಜನವರೀಲಿ ಗಿಡ ಸವರುವಾಗ ಬನ್ನಿ, ಒದ್ದೆ ಪೇಪರ್ ಸುತ್ತಿ ಕೊಡ್ತೀನಿ, ನಿಮ್ಮ ಕಡೆ ಯಾವುದಾದ್ರೂ ತಿಂದು ನೋಡಿದ ಗಿಡ ಇದ್ರೆ ಅದರದ್ದು ಎರಡು ಕಡ್ಡಿ ತನ್ನಿ, ಗಿಣ್ಣು ನೋಡಿ ಇಸ್ಕೋತೀನಿ.